ಅಚ್ಚಾದ ಪುಸ್ತಕ ನಮ್ಮೂರಿಗೆ ಬರುವುದು ಯಾವಾಗ?

‘ಪ್ರಸಾರಾಂಗ’ ಎಂಬ ಪದವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಇಂಗ್ಲಿಷಿನಲ್ಲಿ ಇದನ್ನು ಯೂನಿವರ್ಸಿಟಿ ಪ್ರೆಸ್ ಎನ್ನುತ್ತಾರೆ. ಆ ಹೆಸರಿನಲ್ಲಿ ಕಾಣುವುದು ಅಚ್ಚಿನ ಯಂತ್ರ. ನಮ್ಮ ಹಿರಿಯರು ಮಾತ್ರ ಅದನ್ನು ಮುದ್ರಣಾಲಯ ಎಂದು ಕರೆದು ಸುಮ್ಮನಾಗಲಿಲ್ಲ. ವಿಶ್ವವಿದ್ಯಾಲಯ ಒಂದು ದೇಹವಾದರೆ, ತಿಳಿದದ್ದನ್ನು ಹೊರಗಿನವರಿಗೆ ಹಂಚುವುದಕ್ಕೂ ಅದಕ್ಕೊಂದು ಅಂಗ ಬೇಕು ಎಂದು ಯೋಚಿಸಿ ಇಟ್ಟ ಹೆಸರಿದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಆಡಳಿತಾಂಗ, ಅಧ್ಯಯನಾಂಗ, ಪ್ರಸಾರಾಂಗ ಎಂದು ಮೂರು ಅಂಗಗಳನ್ನೇ ಮಾಡಿಕೊಂಡಿದ್ದಾರೆ. ಅಂದರೆ ಪುಸ್ತಕ ಮಾಡಿ ಹಂಚುವ ಕೆಲಸ ಆಡಳಿತಕ್ಕೂ ಅಧ್ಯಯನಕ್ಕೂ ಸರಿಸಮ ಎಂದಾಯಿತು.

ಹೆಸರು ಇಷ್ಟು ಚೆನ್ನಾಗಿದೆ. ಆದರೆ ನಾವು ಹುಟ್ಟಿ ಬೆಳೆದ ಊರುಗಳಲ್ಲಿ, ಹೋಬಳಿಯಲ್ಲಿ, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಯಾವುದಾದರೂ ಪ್ರಸಾರಾಂಗದ ಪುಸ್ತಕ ಮಾರಾಟಕ್ಕೆ ಇರುವುದನ್ನು ನಮ್ಮ ಬಳಗದ ಯಾರೂ ಕಂಡದ್ದಿಲ್ಲ. ಕನ್ನಡದ ಎಷ್ಟೋ ದೊಡ್ಡ ಕೆಲಸಗಳನ್ನು ಮಾಡಿದ್ದು ಇವೇ ಪ್ರಸಾರಾಂಗಗಳು. ಆದರೂ ಹೀಗೆ. ಪ್ರಸಾರಾಂಗಗಳಿಗೆ ಪುಸ್ತಕ ಅಚ್ಚು ಹಾಕುವುದು ಗೊತ್ತಿದೆ, ಹರಡುವುದು ಮರೆತಿದೆ ಎಂಬುದು ನಮ್ಮ ದೂರು. ಇದು ಯಾರೋ ಒಬ್ಬ ನಿರ್ದೇಶಕರ ಸೋಮಾರಿತನದಿಂದ ಆದದ್ದಲ್ಲ. ಪ್ರಸಾರಾಂಗವನ್ನು ಕಟ್ಟಿ ನಡೆಸುವ ಕ್ರಮವೇ ಹಾಗಿದೆ. ಆದ್ದರಿಂದ ಬದಲಾಗಬೇಕಾದ್ದೂ ಆ ಕ್ರಮವೇ.

ಹಿಂದೆ ಏನಿತ್ತು

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಅದಾದ ಮೂರೇ ವರ್ಷಕ್ಕೆ, 1919ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಆರಂಭಿಸಿದರು. ಮುಂದೆ ಅದನ್ನು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ಸ್ವಾತಂತ್ರ್ಯ ಬರುವ ಮೊದಲೇ ಮೈಸೂರಿನವರು ಪ್ರಚಾರೋಪನ್ಯಾಸ ಎಂಬ ಕ್ರಮವನ್ನೂ ಮಾಡಿಕೊಂಡಿದ್ದರು. ಕಾಲೇಜಿನ ಮೇಷ್ಟ್ರುಗಳು ಊರೂರಿಗೆ ಹೋಗಿ ಜನರಿಗೆ ಅರ್ಥವಾಗುವ ಕನ್ನಡದಲ್ಲಿ ಮಾತಾಡಬೇಕು. ಆ ಮಾತನ್ನೇ ಆಮೇಲೆ ಕಿರುಹೊತ್ತಿಗೆ ಮಾಡಿ ಕಡಿಮೆ ಬೆಲೆಗೆ ಕೊಡಬೇಕು. ಹಳೆಯ ಶಾಲೆಗಳ ಬೀರುಗಳಲ್ಲಿ, ಹಿರಿಯರ ಮನೆಯ ಅಟ್ಟದಲ್ಲಿ ಆ ತೆಳ್ಳನೆಯ ಪುಸ್ತಕಗಳು ಈಗಲೂ ಸಿಗುತ್ತವೆ. ಆರೋಗ್ಯ, ನಕ್ಷತ್ರ, ಇತಿಹಾಸ, ಪಂಪ, ಕುಮಾರವ್ಯಾಸ ಎಲ್ಲವೂ ಅಲ್ಲಿ ಬಂದಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಇದೇ ದಾರಿ ಹಿಡಿಯಿತು. ಅಲ್ಲಿನ ಪ್ರಸಾರಾಂಗವನ್ನು ಬಹುಕಾಲ, 1983ರವರೆಗೆ, ನಡೆಸಿದವರು ಕವಿ ಚೆನ್ನವೀರ ಕಣವಿ.

ಇವುಗಳ ಜೊತೆಗೆ ಭಾರವಾದ ಕೆಲಸಗಳೂ ಆದವು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂತು. ಆ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಭೌತಶಾಸ್ತ್ರದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪನವರೂ ಇದ್ದರು. ಕುವೆಂಪು ಕುಲಪತಿಯಾಗಿದ್ದಾಗ ಪದವಿ ತರಗತಿಗಳಿಗೆ ಕನ್ನಡದಲ್ಲೇ ಪುಸ್ತಕ ಬರೆಸುವ ಕೆಲಸಕ್ಕೆ ಬಲ ಬಂತು. ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂದು, ಕೊನೆಗೆ ಹದಿನಾಲ್ಕು ಸಂಪುಟಗಳಾದವು. ಬಿ.ಎಲ್. ರೈಸ್ ಆರಂಭಿಸಿದ್ದ ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಸಂಪುಟಗಳನ್ನು ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ತರತೊಡಗಿತು. ಕಿಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಹಿಗ್ಗಿಸಿ ಪರಿಷ್ಕರಿಸಿದಾಗ ಅದನ್ನು ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾಲಯ.

ಈ ಪಟ್ಟಿಯಲ್ಲಿರುವ ಒಂದು ಪುಸ್ತಕವನ್ನೂ ಲಾಭ ನೋಡುವ ಅಂಗಡಿಯವರು ಮಾಡುತ್ತಿರಲಿಲ್ಲ. ಹತ್ತಾರು ವರ್ಷ ಸಂಬಳ ಕೊಟ್ಟು, ಹತ್ತಾರು ಜನರನ್ನು ಕೂರಿಸಿ, ಮಾರಾಟವಾಗುತ್ತದೋ ಇಲ್ಲವೋ ಎಂಬ ಚಿಂತೆಯಿಲ್ಲದೆ ಮಾಡಬೇಕಾದ ಕೆಲಸಗಳಿವು. ವಿಶ್ವವಿದ್ಯಾಲಯಕ್ಕೆ ತನ್ನದೇ ಪ್ರಕಾಶನ ಯಾಕೆ ಬೇಕು ಎಂದು ಕೇಳುವವರಿಗೆ ಇಷ್ಟು ಸಾಕು.

ಬೇರೆ ಕಡೆ ಹೇಗೆ ನಡೆಯುತ್ತದೆ

ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಪುಸ್ತಕ ಅಚ್ಚು ಹಾಕುವ ಹಕ್ಕನ್ನು ದೊರೆ ಎಂಟನೆಯ ಹೆನ್ರಿ ಕೊಟ್ಟದ್ದು 1534ರಲ್ಲಿ. ಆಕ್ಸ್‌ಫರ್ಡ್ ಊರಿನಲ್ಲಿ ಮೊದಲ ಪುಸ್ತಕ ಅಚ್ಚಾದದ್ದು ಅದಕ್ಕೂ ಮುಂಚೆ, 1478ರಲ್ಲಿ. ಇಷ್ಟು ಹಳೆಯ ಸಂಸ್ಥೆಗಳನ್ನು ನಮ್ಮೊಂದಿಗೆ ಹೋಲಿಸುವುದು ಸರಿಯೇ ಎಂದು ಕೇಳಬಹುದು. ಅವರ ಹಣವನ್ನು ಹೋಲಿಸಲು ನಾವು ಹೊರಟಿಲ್ಲ, ಅವರ ಕೆಲಸದ ಹಂಚಿಕೆಯನ್ನು ನೋಡೋಣ ಎನ್ನುತ್ತಿದ್ದೇವೆ.

ಅಲ್ಲಿ ಎರಡು ಕೆಲಸಗಳನ್ನು ಬೇರೆ ಬೇರೆ ಇಟ್ಟಿದ್ದಾರೆ. ಯಾವ ಪುಸ್ತಕಕ್ಕೆ ವಿಶ್ವವಿದ್ಯಾಲಯದ ಹೆಸರು ಹಾಕಬಹುದು ಎಂದು ತೀರ್ಮಾನಿಸುವವರು ಪ್ರಾಧ್ಯಾಪಕರು. ಕೇಂಬ್ರಿಜ್‌ನಲ್ಲಿ ಆ ಮಂಡಳಿಯ ಸದಸ್ಯರಿಗೆ ಸಿಂಡಿಕ್‌ಗಳು ಎಂದು ಹೆಸರು, ಆಕ್ಸ್‌ಫರ್ಡಿನಲ್ಲಿ ಡೆಲಿಗೇಟ್‌ಗಳು. ಸಿಂಡಿಕೇಟ್ ಎಂದ ಕೂಡಲೇ ನಮಗೆ ನೇಮಕಾತಿ, ಕಾಮಗಾರಿ, ಗಲಾಟೆ ನೆನಪಾಗುತ್ತದೆ. ಕೇಂಬ್ರಿಜ್‌ನಲ್ಲಿ ಪುಸ್ತಕಗಳಿಗೆಂದೇ ಒಂದು ಸಿಂಡಿಕೇಟ್ ಇತ್ತು. ಒಪ್ಪಿಗೆಯಾದ ಹಸ್ತಪ್ರತಿಯನ್ನು ಪುಸ್ತಕ ಮಾಡಿ ಮಾರುವವರು ಮಾತ್ರ ಪ್ರಾಧ್ಯಾಪಕರಲ್ಲ, ಅದೇ ಕಸುಬಿನಲ್ಲಿ ಪಳಗಿದವರು. ಒಳ್ಳೆಯ ಬರಹಗಾರರನ್ನು ಹುಡುಕಿಕೊಂಡು ಹೋಗುವ ಸಂಪಾದಕರು ಒಂದು ಕಡೆ. ಹಸ್ತಪ್ರತಿಯನ್ನು ಸಾಲುಸಾಲಾಗಿ ತಿದ್ದುವವರು ಇನ್ನೊಂದು ಕಡೆ. ಅಂಗಡಿಗಳ ಜೊತೆ, ಗ್ರಂಥಾಲಯಗಳ ಜೊತೆ ವ್ಯವಹರಿಸುವವರು ಬೇರೆಯೇ.

ಹಸ್ತಪ್ರತಿ ಬಂದರೆ ಆ ವಿಷಯ ಬಲ್ಲ ಹೊರಗಿನ ಇಬ್ಬರಿಗಾದರೂ ಕಳಿಸುತ್ತಾರೆ. ಅವರ ಅಭಿಪ್ರಾಯಕ್ಕೆ ಲೇಖಕರು ಉತ್ತರ ಕೊಡಬೇಕು. ತಿದ್ದಿ ಬರೆಯಬೇಕಾದರೆ ಬರೆಯಬೇಕು. ಆಮೇಲೆ ಮಂಡಳಿಯ ಮುಂದೆ ಹೋಗುತ್ತದೆ. ಇದಕ್ಕೆ ವರ್ಷವಾಗಬಹುದು, ಎರಡಾಗಬಹುದು. ಹೀಗೆ ಸೋಸಿ ಬಂದ ಪುಸ್ತಕ ಎಂಬ ನಂಬಿಕೆಯೇ ವಿಶ್ವವಿದ್ಯಾಲಯದ ಮುದ್ರೆಗೆ ಇರುವ ಬೆಲೆ.

ಹಣದ ಲೆಕ್ಕವೂ ತಿಳಿಯಬೇಕಾದದ್ದೇ. ಆಕ್ಸ್‌ಫರ್ಡಿನವರು ನಿಘಂಟು, ಶಾಲಾ ಪುಸ್ತಕ ಮಾರಿ ಬಂದ ಹಣದ ಆಸರೆಯಲ್ಲಿ ಕೆಲವೇ ನೂರು ಪ್ರತಿ ಹೋಗುವ ಸಂಶೋಧನ ಗ್ರಂಥಗಳನ್ನೂ ತರುತ್ತಾರೆ. ಅವರ ದೊಡ್ಡ ಇಂಗ್ಲಿಷ್ ನಿಘಂಟಿನ ಮೊದಲ ಕಂತು 1884ರಲ್ಲಿ ಬಂದು, ಕೆಲಸ ಮುಗಿದದ್ದು 1928ಕ್ಕೆ. ಅಷ್ಟು ವರ್ಷ ಅದನ್ನು ಸಾಕಿದ್ದು ಪ್ರೆಸ್. ಸಣ್ಣ ಪ್ರೆಸ್‌ಗಳಿಗೆ ಇಂಥ ಅನುಕೂಲ ಇರುವುದಿಲ್ಲ, ವಿಶ್ವವಿದ್ಯಾಲಯವೇ ಕೈಯಿಂದ ಕೊಡಬೇಕು. ಅಮೆರಿಕದಲ್ಲೂ ಆ ಹಣ ನಿಲ್ಲಿಸಲು ಆಗಾಗ ನೋಡುತ್ತಾರೆ. 2012ರಲ್ಲಿ ಮಿಸೌರಿ ವಿಶ್ವವಿದ್ಯಾಲಯ ತನ್ನ ಪ್ರೆಸ್ ಮುಚ್ಚುವುದಾಗಿ ಹೇಳಿತು. ಲೇಖಕರು, ಓದುಗರು ಎದ್ದು ನಿಂತರು, ತೀರ್ಮಾನ ವಾಪಸ್ಸಾಯಿತು. 2019ರಲ್ಲಿ ಸ್ಟ್ಯಾನ್‌ಫರ್ಡ್ ತನ್ನ ಪ್ರೆಸ್‌ಗೆ ಕೊಡುತ್ತಿದ್ದ ನೆರವು ನಿಲ್ಲಿಸಹೊರಟಾಗಲೂ ಪ್ರಾಧ್ಯಾಪಕರು ತಿರುಗಿಬಿದ್ದರು, ಆಡಳಿತ ಹಿಂದೆ ಸರಿಯಿತು.

ನಮ್ಮಲ್ಲಿ ಹೀಗೆ ಮುಚ್ಚುತ್ತೇವೆ ಎಂದು ಯಾರೂ ಹೇಳುವುದಿಲ್ಲ. ಹೇಳುವ ಅಗತ್ಯವೇ ಇಲ್ಲ. ಹುದ್ದೆ ಖಾಲಿಯಾದಾಗ ತುಂಬದೆ ಬಿಟ್ಟರೆ ಸಾಕು.

ನಮ್ಮಲ್ಲಿ ಪುಸ್ತಕ ಸಾಗುವ ದಾರಿ

ಸಾಮಾನ್ಯವಾಗಿ ಪ್ರಸಾರಾಂಗದ ನಿರ್ದೇಶಕರು ಎಂದರೆ ಯಾವುದೋ ವಿಭಾಗದ, ಹೆಚ್ಚಾಗಿ ಕನ್ನಡ ವಿಭಾಗದ, ಪ್ರಾಧ್ಯಾಪಕರು. ಪಾಠ, ಪಿಎಚ್‌ಡಿ ವಿದ್ಯಾರ್ಥಿಗಳು, ಪರೀಕ್ಷೆ, ಮೌಲ್ಯಮಾಪನ ಎಲ್ಲದರ ಮೇಲೆ ಇದೊಂದು ಪ್ರಭಾರ. ಅವರು ಪ್ರಕಾಶನದ ಕೆಲಸ ಕಲಿತು ಕೈ ಕುದುರುವ ಹೊತ್ತಿಗೆ ಕುಲಪತಿ ಬದಲಾಗಿ ಪ್ರಭಾರ ಇನ್ನೊಬ್ಬರಿಗೆ ಹೋಗಿರುತ್ತದೆ. ಕೆಳಗೆ ಕೆಲಸ ಮಾಡುವವರಲ್ಲಿ ಕಾಯಂ ಇದ್ದವರು ನಿವೃತ್ತರಾಗಿದ್ದಾರೆ, ಉಳಿದವರು ಹೊರಗುತ್ತಿಗೆಯವರು. ಕರಡು ತಿದ್ದುವುದೇ ಕೆಲಸವಾಗಿರುವ ಒಬ್ಬರೂ ಇಲ್ಲದ ಪ್ರಸಾರಾಂಗವನ್ನು ನಾವು ನೋಡಿದ್ದೇವೆ. ಅಲ್ಲಿ ಲೇಖಕರೇ ಡಿಟಿಪಿ ಮಾಡಿಸಿ, ಲೇಖಕರೇ ತಿದ್ದಿ, ಪಿಡಿಎಫ್ ತಂದುಕೊಡಬೇಕು. ಹಾಗಾದರೆ ಪ್ರಕಾಶಕರು ಮಾಡಿದ ಕೆಲಸ ಏನು?

ಮುದ್ರಣಕ್ಕೆ ಟೆಂಡರ್ ಕರೆಯಬೇಕು. ಸಾರ್ವಜನಿಕರ ಹಣವಾದ್ದರಿಂದ ಪಾರದರ್ಶಕ ಕಾಯ್ದೆಯ ಪ್ರಕಾರ ನಡೆಯುವುದು ಸರಿಯೇ. ಆದರೆ ಕಡಿಮೆ ದರ ಹಾಕಿದವರಿಗೆ ಕೆಲಸ ಹೋದ ಮೇಲೆ ಕಾಗದ ಎಂಥದು, ಹೊಲಿಗೆ ಎಂಥದು ಎಂದು ನಿಂತು ನೋಡುವವರು ಬೇಕಲ್ಲ. ಎರಡು ಸಲ ಬಿಡಿಸಿದರೆ ಹಾಳೆ ಕೈಗೆ ಬರುವ ಪುಸ್ತಕಗಳು ನಮ್ಮಲ್ಲಿವೆ. ಜೊತೆಗೆ ಎಲ್ಲ ಕೆಲಸವೂ ಒಂದೋ ಮಾರ್ಚ್ ಕೊನೆಗೆ, ಇಲ್ಲವೇ ಘಟಿಕೋತ್ಸವದ ಮುಂಚೆ. ಅನುದಾನ ಖರ್ಚಾಗಬೇಕು, ವೇದಿಕೆಯ ಮೇಲೆ ಬಿಡುಗಡೆಯಾಗಬೇಕು. ಆ ಅವಸರದಲ್ಲಿ ಹೊರಗಿನ ಪರಿಶೀಲಕರಿಗೆ ಕಳಿಸಿ, ಅವರ ಮಾತು ಕೇಳಿ, ತಿದ್ದಿಸುವುದಕ್ಕೆ ಹೊತ್ತೆಲ್ಲಿದೆ?

ಬಿಡುಗಡೆಯಾದ ಮೇಲೆ ಪುಸ್ತಕ ಎಲ್ಲಿಗೆ ಹೋಗುತ್ತದೆ? ಅತಿಥಿಗಳಿಗೆ ಕೊಡುವ ಕಟ್ಟು, ಲೇಖಕರಿಗೆ ಕೊಡುವ ಗೌರವ ಪ್ರತಿ, ವಿಶ್ವವಿದ್ಯಾಲಯದ ಗ್ರಂಥಾಲಯ. ಉಳಿದದ್ದು ಗೋದಾಮು. ಮಾರಾಟ ಮಳಿಗೆ ಇರುವುದು ಕ್ಯಾಂಪಸ್ಸಿನ ಒಳಗೆ, ಕಚೇರಿಯ ವೇಳೆಯಲ್ಲಿ. ಭಾನುವಾರ ರಜೆ, ಎರಡನೆಯ ಶನಿವಾರ ರಜೆ, ಊಟದ ಹೊತ್ತಿಗೆ ಬೀಗ. ನಮ್ಮ ಬಳಗದ ಒಬ್ಬರು ತಮ್ಮ ತಾಲ್ಲೂಕಿನ ಶಾಸನಗಳ ಬಗ್ಗೆ ಬರೆಯಲು ಬೇಕಾಗಿದ್ದ ಒಂದು ಪುಸ್ತಕಕ್ಕಾಗಿ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಒಂದು ವಿಶ್ವವಿದ್ಯಾಲಯಕ್ಕೆ ಹೋದರು. ಪಟ್ಟಿಯಲ್ಲಿ ಪುಸ್ತಕ ಇತ್ತು, ಬೆಲೆಯೂ ಇತ್ತು. ಕಟ್ಟುಗಳ ಅಡಿಯಲ್ಲೆಲ್ಲೋ ಇದೆ, ತೆಗೆಯುವವರು ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ ಎಂದರಂತೆ. ಬೇಡ ಎಂದವರಿಲ್ಲ, ಗದರಿದವರಿಲ್ಲ. ಮಳಿಗೆಯಲ್ಲಿದ್ದವರು ಪಾಪ ನೀರು ಕೊಟ್ಟು ಕೂರಿಸಿದರು. ಆದರೆ ಪುಸ್ತಕ ಸಿಗಲಿಲ್ಲ.

ಇದರ ಹಿಂದೆಯೂ ಹಣದ ಕ್ರಮವಿದೆ. ಮಾರಾಟದಿಂದ ಬಂದ ರೂಪಾಯಿ ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಗೆ ಹೋಗುವ ಕಡೆಗಳಲ್ಲಿ, ಹೆಚ್ಚು ಮಾರಿದರೂ ಪ್ರಸಾರಾಂಗಕ್ಕೆ ಮುಂದಿನ ವರ್ಷ ಒಂದು ಪುಸ್ತಕವೂ ಹೆಚ್ಚಿಗೆ ಮಾಡಲು ಬರುವುದಿಲ್ಲ. ಮಾರದಿದ್ದರೂ ಯಾರೂ ಕೇಳುವುದಿಲ್ಲ. ವಾರ್ಷಿಕ ವರದಿಯಲ್ಲಿ ಇರುವುದು ಈ ವರ್ಷ ಎಷ್ಟು ಶೀರ್ಷಿಕೆ ಪ್ರಕಟಿಸಿದೆವು ಎಂಬ ಅಂಕಿ. ಎಷ್ಟು ಪ್ರತಿ ಓದುಗರ ಕೈ ಸೇರಿತು ಎಂಬ ಅಂಕಿಯನ್ನು ಕೇಳುವವರಿದ್ದರೆ ಕಥೆ ಬೇರೆಯಾಗುತ್ತಿತ್ತು.

ಕೊಟ್ಟವರಿಗೆ ಮರಳಬೇಡವೇ?

ಪತ್ರಿಕೋದ್ಯಮ ಓದಿ ಹಳ್ಳಿಯ ಸುದ್ದಿ ಬರೆಯುವ ನಮಗೆ ಇದು ಯಾಕೆ ಮುಖ್ಯ ಎಂದು ನೀವು ಕೇಳಬಹುದು.

ವಿಶ್ವವಿದ್ಯಾಲಯಗಳು ಪುಸ್ತಕ ಮಾಡಿದ ಎಷ್ಟೋ ಜ್ಞಾನ ಹೋದದ್ದು ನಮ್ಮ ಹಳ್ಳಿಗಳಿಂದಲೇ. ಮಂಟೇಸ್ವಾಮಿ, ಮಲೆ ಮಾದೇಶ್ವರ, ಜುಂಜಪ್ಪನ ಕಾವ್ಯಗಳನ್ನು ರಾತ್ರಿಯಿಡೀ ಹಾಡುವ ನೀಲಗಾರರು, ದೇವರ ಗುಡ್ಡರು, ಗಣೆಯವರು ಬಾಯಲ್ಲೇ ಉಳಿಸಿಕೊಂಡು ಬಂದರು. ವಿದ್ವಾಂಸರು ಟೇಪ್ ರೆಕಾರ್ಡರ್ ಹಿಡಿದು ಬಂದು ದಾಖಲಿಸಿದರು. ಹಂಪಿಯ ಪ್ರಸಾರಾಂಗ ಅವನ್ನು ದಪ್ಪ ದಪ್ಪ ಸಂಪುಟಗಳಾಗಿ ತಂದಿತು. ಅದು ದೊಡ್ಡ ಕೆಲಸ, ಅನುಮಾನವಿಲ್ಲ. ಅಚ್ಚಾಗದೆ ಹೋಗಿದ್ದರೆ ಎಷ್ಟೋ ಪಾಠಗಳು ಹಾಡುಗಾರರ ಜೊತೆಗೇ ಮಣ್ಣಾಗುತ್ತಿದ್ದವು. ಈಗ ಆ ಹಾಡುಗಾರರ ಮೊಮ್ಮಕ್ಕಳು ಓದು ಕಲಿತಿದ್ದಾರೆ. ಅಜ್ಜ ಹಾಡಿದ್ದನ್ನು ಪುಸ್ತಕದಲ್ಲಿ ನೋಡಬೇಕೆಂದರೆ ಅವರು ಎಲ್ಲಿಗೆ ಹೋಗಬೇಕು?

ಶಾಸನದ ಮಾತೂ ಅಷ್ಟೆ. ‘ಎಪಿಗ್ರಾಫಿಯ ಕರ್ನಾಟಿಕ’ ತಾಲ್ಲೂಕುವಾರು, ಊರುವಾರು ಜೋಡಿಸಿದ ಸಂಪುಟಮಾಲೆ. ನಿಮ್ಮ ಊರಿನ ಕೆರೆ ಏರಿಯ ಮೇಲೆ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವ ಚಪ್ಪಡಿಯ ಮೇಲೆ ಏನು ಬರೆದಿದೆ, ಆ ಕೆರೆ ಕಟ್ಟಿಸಿದ್ದು ಯಾರು ಎಂಬುದು ಅದರಲ್ಲಿ ಇರಬಹುದು. ಊರಿನವರಿಗೆ ಅದು ಗೊತ್ತಾದರೆ ಕಲ್ಲು ಉಳಿಯುತ್ತದೆ. ಗೊತ್ತಾಗದಿದ್ದರೆ ಮನೆಯ ಪಾಯಕ್ಕೆ ಹೋಗುತ್ತದೆ, ಇಲ್ಲವೇ ನಿಧಿಯ ಆಸೆಗೆ ಯಾರೋ ಒಡೆಯುತ್ತಾರೆ. ಸಂಪುಟ ಮಾತ್ರ ನೂರಾರು ಕಿಲೋಮೀಟರ್ ದೂರದ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಕೂತಿರುತ್ತದೆ.

ಬೆಂಗಳೂರು, ಧಾರವಾಡದಂಥ ಕೃಷಿ ವಿಶ್ವವಿದ್ಯಾಲಯಗಳು ಬೇಸಾಯ ಪದ್ಧತಿಗಳ ಕೈಪಿಡಿಗಳನ್ನು ಕನ್ನಡದಲ್ಲೇ ತರುತ್ತವೆ. ಯಾವ ತಳಿ, ಎಷ್ಟು ಗೊಬ್ಬರ, ಯಾವ ರೋಗಕ್ಕೆ ಏನು ಔಷಧಿ ಎಲ್ಲ ಅದರಲ್ಲಿದೆ. ಕೃಷಿ ಮೇಳಕ್ಕೆ ಹೋದವರಿಗೆ ಸಿಗುತ್ತದೆ. ಮೇಳಕ್ಕೆ ಹೋಗದ ರೈತ ಔಷಧಿ ಅಂಗಡಿಯವನ ಮಾತನ್ನೇ ನಂಬಬೇಕು. ಆ ಅಂಗಡಿಯವನಿಗೆ ಯಾವ ಡಬ್ಬಿಯಲ್ಲಿ ಕಮಿಷನ್ ಹೆಚ್ಚೋ ಅದೇ ಒಳ್ಳೆಯ ಔಷಧಿ. ಪುಸ್ತಕ ತಲುಪದೆ ಹೋದರೆ ಇಲ್ಲಿ ಹೋಗುವುದು ಬೆಳೆ ಮತ್ತು ದುಡ್ಡು.

ಪಿಎಚ್‌ಡಿ ಮಹಾಪ್ರಬಂಧಗಳದ್ದು ಇನ್ನೊಂದು ಕಥೆ. ನಮ್ಮ ಜಾತ್ರೆ, ನಮ್ಮ ಸಂತೆ, ನಮ್ಮ ಗುಳೆ, ನಮ್ಮ ನೀರಾವರಿ ಜಗಳ ಎಲ್ಲದರ ಮೇಲೂ ಯಾರೋ ಒಬ್ಬರು ಮೂರು ನಾಲ್ಕು ವರ್ಷ ಕೆಲಸ ಮಾಡಿರುತ್ತಾರೆ. ಈಗ ಅವು ಶೋಧಗಂಗಾ ಜಾಲತಾಣಕ್ಕೆ ಏರುತ್ತವೆ, ಒಳ್ಳೆಯದು. ಆದರೆ ಮಹಾಪ್ರಬಂಧ ಪರೀಕ್ಷಕರಿಗಾಗಿ ಬರೆದದ್ದು. ಅದನ್ನು ಊರಿನವರು ಓದುವ ಪುಸ್ತಕವಾಗಿಸಲು ಒಬ್ಬ ಒಳ್ಳೆಯ ಸಂಪಾದಕ ಲೇಖಕರ ಪಕ್ಕ ಕೂತು ಅರ್ಧದಷ್ಟು ಕತ್ತರಿಸಿ, ಉಳಿದದ್ದನ್ನು ಬಿಡಿಸಿ ಬರೆಸಬೇಕು. ಪ್ರಸಾರಾಂಗದಲ್ಲಿ ಇರಬೇಕಾದ, ಆದರೆ ಇಲ್ಲದ ಮನುಷ್ಯ ಅವನೇ.

ಮೂರು ಸಮಜಾಯಿಷಿಗಳು

ಈ ಮಾತೆತ್ತಿದಾಗ ನಮಗೆ ಸಿಗುವ ಉತ್ತರಗಳು ಹೆಚ್ಚುಕಡಿಮೆ ಮೂರು.

ಮೊದಲನೆಯದು, ಹಳ್ಳಿಯಲ್ಲಿ ಓದುವವರೆಲ್ಲಿದ್ದಾರೆ ಎಂಬುದು. ಸಾಗರ ತಾಲ್ಲೂಕಿನ ಹೆಗ್ಗೋಡು ಒಂದು ಹಳ್ಳಿ. ಅಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ಅಕ್ಷರ ಪ್ರಕಾಶನ ಎಷ್ಟೋ ದಶಕಗಳಿಂದ ಗಂಭೀರ ಪುಸ್ತಕಗಳನ್ನೇ ಮಾಡಿ ನಾಡಿಗೆಲ್ಲ ಕಳಿಸುತ್ತಿದೆ. ಹಳ್ಳಿಯಲ್ಲಿ ಕೂತು ನಾಡಿಗೆ ಪುಸ್ತಕ ಹಂಚಲು ಒಂದು ಖಾಸಗಿ ಪ್ರಕಾಶನಕ್ಕೆ ಸಾಧ್ಯವಾದರೆ, ನಗರದಲ್ಲಿ ಕೂತು ಹಳ್ಳಿಗೆ ಹಂಚಲು ವಿಶ್ವವಿದ್ಯಾಲಯಕ್ಕೆ ಯಾಕೆ ಆಗುವುದಿಲ್ಲ? ಓದುವವರಿಲ್ಲ ಎಂದು ಹೇಳಬೇಕಾದರೂ ಮೊದಲು ಪುಸ್ತಕವನ್ನು ಅವರ ಮುಂದೆ ಇಟ್ಟು ನೋಡಿರಬೇಕು.

ಎರಡನೆಯದು, ಖಾಸಗಿ ಪ್ರಕಾಶಕರು ಇದ್ದಾರಲ್ಲ, ವಿಶ್ವವಿದ್ಯಾಲಯಕ್ಕೆ ಈ ಉಸಾಬರಿ ಯಾಕೆ ಎಂಬುದು. ಖಾಸಗಿಯವರು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಹದಿನಾಲ್ಕು ಸಂಪುಟದ ವಿಶ್ವಕೋಶ, ಶಾಸನ ಸಂಪುಟ, ಮೌಖಿಕ ಕಾವ್ಯದ ಪೂರ್ಣಪಾಠ ಇವನ್ನು ಮಾಡಿ ಎಂದು ಅವರಿಗೆ ಹೇಳುವುದು ನ್ಯಾಯವಲ್ಲ. ಇಷ್ಟಕ್ಕೂ ಒಂದು ಹಳಗನ್ನಡ–ನಡುಗನ್ನಡ ಕೃತಿಯನ್ನು ಹೊರಗಿನ ವಿಶ್ವವಿದ್ಯಾಲಯವೊಂದು ಹೇಗೆ ತಂದಿದೆ ನೋಡಿ. ಹಂಪಿಯ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೆಸ್ ತನ್ನ ಮೂರ್ತಿ ಶಾಸ್ತ್ರೀಯ ಗ್ರಂಥಮಾಲೆಯಲ್ಲಿ 2017ರಲ್ಲಿ ಪ್ರಕಟಿಸಿತು. ಇಂಗ್ಲಿಷಿಗೆ ತಂದವರು ವನಮಾಲಾ ವಿಶ್ವನಾಥ. ಎಡಪುಟದಲ್ಲಿ ಕನ್ನಡ ಲಿಪಿಯಲ್ಲೇ ಮೂಲ, ಬಲಪುಟದಲ್ಲಿ ಅನುವಾದ. ಆ ಪುಸ್ತಕವನ್ನು ಮೊಬೈಲಿನಲ್ಲಿ ಹುಡುಕಿ, ಹಣ ಕಟ್ಟಿದರೆ ನಮ್ಮ ಊರಿನ ವಿಳಾಸಕ್ಕೇ ಬರುತ್ತದೆ. ನಮ್ಮದೇ ಜಿಲ್ಲೆಯ ವಿಶ್ವವಿದ್ಯಾಲಯದ ಪುಸ್ತಕಕ್ಕೆ ಮಾತ್ರ ಎರಡು ಬಸ್ಸು ಬದಲಿಸಬೇಕು.

ಮೂರನೆಯದು, ಹಣವಿಲ್ಲ ಎಂಬುದು. ಇದು ಸುಳ್ಳಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಅನುದಾನದ ಕೊರತೆಯ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಜಿಲ್ಲೆಗೊಂದು ಎಂಬಂತೆ ತೆರೆದ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು 2025ರಲ್ಲಿ ಸರ್ಕಾರದ ಮಟ್ಟದಲ್ಲೇ ಬಂತು. ಆ ಚರ್ಚೆಯಲ್ಲಿ ಜಮೀನು, ಕಟ್ಟಡ, ಹುದ್ದೆಗಳ ಬಗ್ಗೆ ಬೇಕಾದಷ್ಟು ಮಾತು ಕೇಳಿದೆವು. ಈ ವಿಶ್ವವಿದ್ಯಾಲಯಗಳು ತಮ್ಮ ಜಿಲ್ಲೆಯ ಬಗ್ಗೆ ಏನು ಪ್ರಕಟಿಸಿವೆ, ಏನು ಪ್ರಕಟಿಸಬೇಕಿತ್ತು ಎಂಬ ಪ್ರಶ್ನೆ ನಮ್ಮ ಕಿವಿಗೆ ಬೀಳಲಿಲ್ಲ. ಸರ್ಕಾರ ಹಣ ಕೊಡಲೇಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಗೋದಾಮಿನಲ್ಲಿ ಈಗಾಗಲೇ ಅಚ್ಚಾಗಿ ಕೂತಿರುವ ಪುಸ್ತಕವನ್ನು ಹೊರಗೆ ತರಲು ಹೊಸ ಹಣಕ್ಕಿಂತ ಹೆಚ್ಚಾಗಿ ಹೊಣೆ ಹೊರುವ ಒಬ್ಬ ಮನುಷ್ಯ ಬೇಕು.

ನಾವು ಕೇಳುವುದು

ಒಂದು: ಪ್ರಸಾರಾಂಗಕ್ಕೆ ಪ್ರಭಾರದ ನಿರ್ದೇಶಕರು ಬೇಡ. ಯಾವ ಪುಸ್ತಕ ತರಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಪ್ರಾಧ್ಯಾಪಕರಿರಲಿ, ಹೊರಗಿನ ವಿದ್ವಾಂಸರಿರಲಿ. ಆದರೆ ದಿನದ ಕೆಲಸ ನಡೆಸುವವರು ಪ್ರಕಾಶನದ ಕಸುಬು ಬಲ್ಲ, ಕನಿಷ್ಠ ಐದು ವರ್ಷ ಅಲ್ಲೇ ಇರುವ, ಪೂರ್ಣಾವಧಿಯವರಾಗಿರಲಿ. ಅವರ ಜೊತೆ ಒಬ್ಬ ಸಂಪಾದಕ, ಒಬ್ಬ ಕರಡು ತಿದ್ದುವವರು, ಮಾರಾಟ ನೋಡಿಕೊಳ್ಳುವ ಒಬ್ಬರು. ನಾಲ್ಕು ಜನ. ಒಂದು ವಿಶ್ವವಿದ್ಯಾಲಯಕ್ಕೆ ಇದು ಭಾರವಲ್ಲ.

ಎರಡು: ಮಾರಾಟದ ಹಣ ಪ್ರಸಾರಾಂಗದ ಪ್ರತ್ಯೇಕ ಖಾತೆಯಲ್ಲೇ ಉಳಿದು ಮರುಮುದ್ರಣಕ್ಕೆ ಹೋಗಲಿ. ಲೇಖಕರಿಗೆ ಕೊಡಬೇಕಾದ ಗೌರವಧನ ವರ್ಷಕ್ಕೊಮ್ಮೆ ಲೆಕ್ಕದ ಚೀಟಿಯ ಸಮೇತ ಹೋಗಲಿ. ವಾರ್ಷಿಕ ವರದಿಯಲ್ಲಿ ಪ್ರಕಟವಾದ ಶೀರ್ಷಿಕೆಗಳ ಪಕ್ಕದಲ್ಲೇ ಮಾರಾಟವಾದ ಪ್ರತಿಗಳ ಸಂಖ್ಯೆಯನ್ನೂ ಅಚ್ಚು ಹಾಕಲಿ.

ಮೂರು: ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದು ‘ಅರಿವು ಕೇಂದ್ರ’ ಎಂಬ ಹೆಸರು ಪಡೆದಿವೆ. ಇಂಥವು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಇವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಅಲ್ಲಿ ದಿನವೂ ಕೂರುತ್ತಾರೆ. ಪ್ರತಿ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಅರಿವು ಕೇಂದ್ರಗಳಿಗೆ ಪ್ರಸಾರಾಂಗದ ಆಯ್ದ ಪುಸ್ತಕಗಳ ಒಂದು ಕಟ್ಟು ಕಳಿಸಲಿ. ಎಲ್ಲ ಊರಿಗೂ ಒಂದೇ ಕಟ್ಟು ಬೇಡ. ಆ ತಾಲ್ಲೂಕಿನ ಶಾಸನ, ಆ ಸೀಮೆಯ ಹಾಡು, ಆ ನೆಲದ ಬೇಸಾಯ ಅದರಲ್ಲಿರಲಿ. ಗೋದಾಮೂ ಖಾಲಿಯಾಗುತ್ತದೆ.

ನಾಲ್ಕು: ಮರುಮುದ್ರಣ ಮಾಡಲಾಗದ ಹಳೆಯ ಪುಸ್ತಕಗಳನ್ನು ಎಲ್ಲರಿಗೂ ಬಿಟ್ಟುಕೊಡಲಿ. ಇದು ಆಗದ ಮಾತಲ್ಲ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಸ್ವಯಂಸೇವಕರು ಅವನ್ನು ಬೆರಳಚ್ಚು ಮಾಡಿ ಕನ್ನಡ ವಿಕಿಸೋರ್ಸ್‌ಗೆ ಸೇರಿಸಿದರು. ಇವತ್ತು ಯಾವ ಊರಿನ ಹುಡುಗಿಯಾದರೂ ಮೊಬೈಲಿನಲ್ಲಿ ಆ ಲೇಖನಗಳನ್ನು ಓದಬಹುದು. ವಿಶ್ವಕೋಶಕ್ಕೆ ಆದದ್ದು ಪ್ರಚಾರೋಪನ್ಯಾಸದ ಕಿರುಹೊತ್ತಿಗೆಗಳಿಗೂ ಆಗಬಹುದು. ಹಕ್ಕು ಲೇಖಕರದ್ದಾಗಿದ್ದರೆ ಅವರನ್ನೋ ಅವರ ಮನೆಯವರನ್ನೋ ಕೇಳಿ ಒಪ್ಪಿಗೆ ಪಡೆಯಬೇಕು. ಆ ಕಾಗದ ಬರೆಯುವುದೂ ಪ್ರಸಾರಾಂಗದ ಕೆಲಸವೇ.

ಐದು: ಮೇಷ್ಟ್ರುಗಳು ಊರಿಗೆ ಬಂದು ಮಾತಾಡುವ ಕ್ರಮ ಮತ್ತೆ ಶುರುವಾಗಲಿ. ಕಾಲೇಜಿನ ಸಭಾಂಗಣದಲ್ಲಿ, ಕರೆತಂದ ವಿದ್ಯಾರ್ಥಿಗಳ ಮುಂದೆ ನಡೆಯುವ ಉಪನ್ಯಾಸದ ಮಾತಲ್ಲ ಇದು. ಸಂಜೆ ಏಳಕ್ಕೆ, ಕೆಲಸ ಮುಗಿಸಿ ಬಂದವರ ಮುಂದೆ, ಊರಿನ ಶಾಲೆಯಲ್ಲಿ ಮಾತಾಡಲಿ. ಕೇಳುವವರು ನಡುವೆ ಎದ್ದು ನಿಂತು ನೀವು ಹೇಳಿದ್ದು ಹಾಗಲ್ಲ ಸ್ವಾಮಿ ಎನ್ನಬಹುದಾದ ಕಡೆ ಮಾತಾಡಿದರೆ, ಆಮೇಲೆ ಬರೆಯುವ ಪುಸ್ತಕದ ಭಾಷೆ ತಾನೇ ಸರಿಯಾಗುತ್ತದೆ.

ಇಷ್ಟು ಕೇಳಿದ ಮೇಲೆ ನಮ್ಮ ಪಾಲಿನದೂ ಒಂದಿದೆ. ಪ್ರಸಾರಾಂಗದ ಪುಸ್ತಕಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಬಿಡುಗಡೆ ಸಮಾರಂಭದ ಚಿತ್ರ ಮಾತ್ರ, ಪುಸ್ತಕದ ಒಳಗೇನಿದೆ ಎಂದು ಬರೆಯುವವರು ಕಡಿಮೆ. ಮುಂದಿನ ತಿಂಗಳಿಂದ ನಾವು ತಿಂಗಳಿಗೊಂದು ಪ್ರಸಾರಾಂಗದ ಪುಸ್ತಕವನ್ನು ಓದಿ ಇಲ್ಲಿ ಬರೆಯುತ್ತೇವೆ. ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು, ಕೆಟ್ಟದಾಗಿದ್ದರೆ ಕೆಟ್ಟದಾಗಿದೆ ಎಂದು. ಜೊತೆಗೆ ಆ ಪುಸ್ತಕ ಕೈಗೆ ಬರಲು ಎಷ್ಟು ದಿನ ಹಿಡಿಯಿತು, ಎಷ್ಟು ಸಲ ಫೋನ್ ಮಾಡಬೇಕಾಯಿತು, ಬಸ್ ಚಾರ್ಜು ಎಷ್ಟಾಯಿತು ಎಂಬುದನ್ನೂ ಪ್ರತಿ ಸಲ ಕೊನೆಯಲ್ಲಿ ಬರೆಯುತ್ತೇವೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಪ್ರಚಾರೋಪನ್ಯಾಸದ ಕಿರುಹೊತ್ತಿಗೆ ಇದ್ದರೆ ಕೆಳಗಿಳಿಸಿ, ಧೂಳು ಕೊಡವಿ ಓದಿ ನೋಡಿ. ನಮಗೂ ತಿಳಿಸಿ.